ಬೆಟ್ಟದ ಬುಡದಲ್ಲೊಂದು ದ್ವೀಪದೂರು: ರಿಶಿರಿ, ಯಾಕುಶಿಮಾ, ಓಶಿಮಾ – ಯಾವುದಕ್ಕೆ ಹೋಗೋಣ?

ಟೋಕಿಯೊ, ಕ್ಯೋಟೊ ನೋಡಿಯಾಯ್ತು, ಇನ್ನೊಂದು ಸಲ ಹೋದರೆ ಯಾವುದಾದರೂ ಸಣ್ಣ ಊರಲ್ಲಿ ನಾಲ್ಕು ದಿನ ಇದ್ದು ಬರಬೇಕು ಅಂತ ಕೇಳುವ ಗೆಳೆಯರಿಗೆ ನಾನು ದ್ವೀಪದ ಹೆಸರು ಹೇಳುತ್ತೇನೆ. ಅದೂ ಬೆಟ್ಟ ಇರುವ ದ್ವೀಪ. ಜಪಾನಿನಲ್ಲಿ ಇಂಥವು ಬೇಕಾದಷ್ಟಿವೆ. ಸಮುದ್ರದ ನಡುವೆ ಒಂದು ಬೆಟ್ಟ, ಬೆಟ್ಟದ ಬುಡದಲ್ಲಿ ಉಳಿದ ಚೂರು ಸಮತಟ್ಟು ಜಾಗದಲ್ಲಿ ಒಂದು ಬಂದರು, ಒಂದು ಶಾಲೆ, ನಾಲ್ಕು ಅಂಗಡಿ, ಹತ್ತು ಹನ್ನೆರಡು ವಸತಿಮನೆ. ರಸ್ತೆ ಅಂದರೆ ಬೆಟ್ಟವನ್ನು ಸುತ್ತುವ ರಸ್ತೆ, ಬೇರೆ ಇಲ್ಲ.

ಅವುಗಳಲ್ಲಿ ಮೂರನ್ನು ಇಲ್ಲಿ ಹೋಲಿಸಿದ್ದೇನೆ. ಉತ್ತರದ ತುದಿಯಲ್ಲಿ ಹೊಕ್ಕೈಡೊ ಪಕ್ಕದ ರಿಶಿರಿ, ದಕ್ಷಿಣದಲ್ಲಿ ಕ್ಯೂಶುವಿನ ಕೆಳಗಿನ ಯಾಕುಶಿಮಾ, ಟೋಕಿಯೊಗೆ ಹತ್ತಿರದ ಇಜು ಓಶಿಮಾ. ಈ ಮೂರರಲ್ಲಿ ಯಾವ ಬೆಟ್ಟ ಚೆಂದ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಹೋದ ದಿನ ಮೋಡ ಮುಚ್ಚಿದ್ದರೆ ಮೂರೂ ಒಂದೇ. ಬೆಟ್ಟ ಕಾಣದ ದಿನ ಯಾವ ಊರಲ್ಲಿ ಇರೋದಕ್ಕೆ ನಿಮಗೆ ಇಷ್ಟ ಅನ್ನುವುದನ್ನು ಮೊದಲು ಯೋಚಿಸಿ. ನಾನು ಆರಿಸುವುದು ಹಾಗೆಯೇ.

ದಾರಿ ಎಷ್ಟು ದೂರ

ಬೆಂಗಳೂರಿನಿಂದ ಟೋಕಿಯೊದ ನರಿಟಾಗೆ ನೇರ ವಿಮಾನವಿದೆ. ಲೆಕ್ಕ ಅಲ್ಲಿಂದ ಶುರು ಮಾಡೋಣ.

ಓಶಿಮಾ ಎಲ್ಲಕ್ಕಿಂತ ಸುಲಭ. ಟೋಕಿಯೊದ ನಡುಭಾಗದಿಂದ ಸುಮಾರು 120 ಕಿ.ಮೀ. ದಕ್ಷಿಣಕ್ಕಿದೆ. ಆಡಳಿತದ ಲೆಕ್ಕದಲ್ಲಿ ಅದು ಟೋಕಿಯೊದ್ದೇ ಭಾಗ, ವಾಹನಗಳಿಗೂ ಟೋಕಿಯೊ ಸೀಮೆಯದೇ ನಂಬರು. ತಕೆಶಿಬಾ ಬಂದರಿನಲ್ಲಿ ವೇಗದ ಹಡಗು ಹತ್ತಿದರೆ ಎರಡು ಗಂಟೆಯೊಳಗೆ ಅಲ್ಲಿರುತ್ತೀರಿ. ಆದರೆ ನನಗೆ ಇಷ್ಟ ಆಗುವುದು ರಾತ್ರಿ ಹಡಗು. ಊಟ ಮುಗಿಸಿ ಹತ್ತಿ, ಟೋಕಿಯೊದ ದೀಪಗಳು ಒಂದೊಂದಾಗಿ ಹಿಂದೆ ಸರಿಯುವುದನ್ನು ನೋಡಿ, ಚಾಪೆಯ ಮೇಲೆ ಸಾಲಾಗಿ ಮಲಗಿದರೆ ಬೆಳಗಿನ ಜಾವಕ್ಕೆ ದ್ವೀಪ. ಒಂದು ಮಾತು ನೆನಪಿರಲಿ: ದ್ವೀಪದಲ್ಲಿ ಮೊತೊಮಾಚಿ, ಒಕಾತ ಅಂತ ಎರಡು ಬಂದರಿವೆ. ಹಡಗು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಆ ದಿನದ ಗಾಳಿ, ಅಲೆ ನೋಡಿಯೇ ತೀರ್ಮಾನಿಸುತ್ತಾರೆ. ಬಸ್ಸು, ಬಾಡಿಗೆ ಕಾರಿನವರು ಎಲ್ಲರೂ ಅದಕ್ಕೆ ಹೊಂದಿಕೊಂಡಿದ್ದಾರೆ. ಗಾಬರಿ ಬೇಡ.

ಯಾಕುಶಿಮಾಗೆ ಮೊದಲು ಕ್ಯೂಶುವಿನ ದಕ್ಷಿಣದ ಊರಾದ ಕಗೋಶಿಮಾ ತಲುಪಬೇಕು. ವಿಮಾನದಲ್ಲೂ ಹೋಗಬಹುದು, ಬುಲೆಟ್ ರೈಲಿನಲ್ಲೂ ಹೋಗಬಹುದು. ಅಲ್ಲಿಂದ ವೇಗದ ದೋಣಿಗೆ ಎರಡರಿಂದ ಮೂರು ಗಂಟೆ, ದೊಡ್ಡ ಹಡಗಿಗೆ ಸುಮಾರು ನಾಲ್ಕು ಗಂಟೆ. ಸಣ್ಣ ವಿಮಾನವೂ ಇದೆ.

ರಿಶಿರಿ ದೂರವೇ. ಟೋಕಿಯೊದಿಂದ ವಿಮಾನದಲ್ಲಿ ಜಪಾನಿನ ಉತ್ತರದ ತುದಿಯ ಊರಾದ ವಕ್ಕನಾಯ್, ಅಲ್ಲಿಂದ ಹಡಗಿನಲ್ಲಿ ಒಂದು ಗಂಟೆ ನಲವತ್ತು ನಿಮಿಷ. ಸಪ್ಪೊರೊದಿಂದ ರೈಲಿನಲ್ಲಿ ವಕ್ಕನಾಯ್‌ಗೆ ಬರುವುದಾದರೆ ಐದು ಗಂಟೆಗೂ ಜಾಸ್ತಿ. ಸಪ್ಪೊರೊದಿಂದ ದ್ವೀಪಕ್ಕೇ ಇಳಿಯುವ ವಿಮಾನವೂ ಇದೆ. ಆದರೆ ಸಾಧ್ಯವಾದರೆ ಹೋಗುವಾಗ ಹಡಗಿನಲ್ಲೇ ಹೋಗಿ. ಮುಂದೆ ಬೆಟ್ಟ ಒಂದು ಚುಕ್ಕೆಯಿಂದ ಬೆಳೆಯುತ್ತಾ ಬಂದು, ಕೊನೆಗೆ ಹಡಗಿನ ಕಿಟಕಿಯಲ್ಲಿ ಹಿಡಿಸದಷ್ಟು ದೊಡ್ಡದಾಗುತ್ತದೆ. ಅದನ್ನು ಮೇಲಿಂದ ನೋಡಿ ಇಳಿದರೆ ಅರ್ಧ ಸಂತೋಷ ಹೋಯ್ತು.

ಹಾಗಾಗಿ ಕೈಯಲ್ಲಿ ಎರಡೇ ದಿನ ಇದ್ದರೆ ಓಶಿಮಾ, ಅದರಲ್ಲಿ ಯೋಚನೆಯೇ ಬೇಡ. ಯಾಕುಶಿಮಾಗೆ ಮೂರು ರಾತ್ರಿಯಾದರೂ ಬೇಕು. ರಿಶಿರಿಗೆ ಹೋಗಿಬರುವ ದಾರಿ ಬಿಟ್ಟು ಮೂರು ರಾತ್ರಿ.

ಬೆಟ್ಟಗಳು

ದೂರದ ಬೆಟ್ಟ ನುಣ್ಣಗೆ ಅನ್ನುತ್ತೇವಲ್ಲ, ರಿಶಿರಿಯಲ್ಲಿ ಆ ಮಾತು ಕಣ್ಣಿಗೇ ಕಾಣುತ್ತದೆ. ಬೆಟ್ಟದ ಎತ್ತರ 1,721 ಮೀಟರ್. ದ್ವೀಪದ ಸುತ್ತಳತೆ ಬರೀ 60 ಕಿ.ಮೀ. ಚಿಲ್ಲರೆ. ಅಂದರೆ ದ್ವೀಪವೇ ಬೆಟ್ಟ, ಬೆಟ್ಟವೇ ದ್ವೀಪ. ರಿಶಿರಿ ಎಂಬ ಹೆಸರು ಬಂದದ್ದು ಹೊಕ್ಕೈಡೊದ ಮೂಲನಿವಾಸಿಗಳಾದ ಐನು ಜನರ ಮಾತಿನಿಂದ, 'ಎತ್ತರದ ನೆಲ' ಅಂತ ಅರ್ಥ. ಪಕ್ಕದ ರೆಬುನ್ ದ್ವೀಪದಿಂದ ನೋಡಿದರೆ ಫ್ಯೂಜಿಯ ತಮ್ಮನ ಹಾಗೆ ನುಣುಪಾಗಿ ಕಾಣುತ್ತದೆ. ಅದಕ್ಕೇ ರಿಶಿರಿ-ಫ್ಯೂಜಿ ಎಂಬ ಇನ್ನೊಂದು ಹೆಸರು. ಅದೇ ಬೆಟ್ಟವನ್ನು ದ್ವೀಪದ ದಕ್ಷಿಣಕ್ಕಿರುವ ಒತಾತೊಮಾರಿ ಕೆರೆಯ ದಡದಿಂದ ನೋಡಿ, ಎದೆ ಝಲ್ಲೆನ್ನುವ ಹಾಗೆ ಸೀಳಿಕೊಂಡ ಬಂಡೆಗಳು. ಹೊಕ್ಕೈಡೊದ ಹೆಸರಾಂತ ಶಿರೋಯ್ ಕೊಯಿಬಿತೊ ಬಿಸ್ಕತ್ತಿನ ಡಬ್ಬಿಯ ಮೇಲಿನ ಬೆಟ್ಟ ಇದೇ. ಜಪಾನಿಗೆ ಹೋದವರು ತಂದುಕೊಟ್ಟ ಡಬ್ಬಿ ನಿಮ್ಮ ಮನೆಯಲ್ಲೂ ಇದ್ದೀತು, ನೋಡಿ.

ಹತ್ತುವುದು ಸುಲಭವಲ್ಲ. ಒಶಿದೊಮಾರಿ ಊರಿನ ಮೇಲಿನ ಕ್ಯಾಂಪಿನಿಂದ ಹೊರಡುವ ದಾರಿಯೇ ಎಲ್ಲರೂ ಹಿಡಿಯುವ ದಾರಿ. ಸುಮಾರು 210 ಮೀಟರ್ ಎತ್ತರದಿಂದ ಶುರು, ಮೇಲಕ್ಕೆ 1,500 ಮೀಟರ್ ಏರಬೇಕು. ಹೋಗಿ ಬರಲು ಹತ್ತರಿಂದ ಹನ್ನೆರಡು ಗಂಟೆ. ಒಂಬತ್ತನೇ ಹಂತದಲ್ಲಿ ಒಂದು ಫಲಕವಿದೆ: 'ನಿಜವಾದ ಪರೀಕ್ಷೆ ಇಲ್ಲಿಂದ.' ಅದು ಸುಮ್ಮನೆ ಬರೆದದ್ದಲ್ಲ. ಅಲ್ಲಿಂದ ಮುಂದೆ ಕಾಲ ಕೆಳಗಿನ ಕೆಂಪು ಜಲ್ಲಿ ಜಾರುತ್ತದೆ, ಪಕ್ಕದ ಮಣ್ಣು ಕುಸಿಯುತ್ತಿದೆ. ಜನ ತಲುಪುವುದು 1,719 ಮೀಟರಿನ ಉತ್ತರ ಶಿಖರವನ್ನು. ಎರಡು ಮೀಟರ್ ಹೆಚ್ಚಿರುವ ದಕ್ಷಿಣ ಶಿಖರದ ದಾರಿ ಕುಸಿದಿದೆ, ಅಲ್ಲಿಗೆ ಹೋಗಬಾರದು. ಶೌಚಕ್ಕೆ ಒಯ್ಯುವ ಚೀಲ ಊರಲ್ಲೇ ಕೊಂಡು, ಬಳಸಿದ್ದನ್ನು ಕೆಳಗೆ ತರಬೇಕು. ಇದನ್ನು ಯಾರೂ ತಪ್ಪಿಸುವುದಿಲ್ಲ. ನಮ್ಮ ಬೆಟ್ಟಗಳಿಗೂ ಈ ಕ್ರಮ ಬಂದರೆ ಎಷ್ಟು ಒಳ್ಳೆಯದು ಅಂತ ಅಲ್ಲಿ ನಿಂತಾಗ ನನಗೆ ಅನ್ನಿಸಿತು.

ಹೊಕ್ಕೈಡೊ ಅಂದರೆ ಕರಡಿಯ ಭಯ ಇರುತ್ತದೆ. ರಿಶಿರಿಯಲ್ಲಿ ಕರಡಿಯೂ ಇಲ್ಲ, ಹಾವೂ ಇಲ್ಲ. 2018ರಲ್ಲಿ ಮಾತ್ರ ಒಂದು ಕರಡಿ ಸಮುದ್ರ ಈಜಿ ಬಂದುಬಿಟ್ಟಿತ್ತು. ಅದಕ್ಕೂ ಹಿಂದೆ ಬಂದದ್ದು 1912ರಲ್ಲಿ. 2018ರದ್ದು ಸ್ವಲ್ಪ ದಿನ ಓಡಾಡಿ ಕಾಣದಾಯ್ತು.

ಯಾಕುಶಿಮಾದ ಕಥೆ ಪೂರ್ತಿ ಬೇರೆ. ಅಲ್ಲಿನ ಮಿಯನೌರ ಶಿಖರ 1,936 ಮೀಟರ್, ಇಡೀ ಕ್ಯೂಶುವಿಗೇ ಎತ್ತರದ್ದು. ಆದರೆ ಊರಿನಿಂದ ಅದು ಕಾಣುವುದೇ ಇಲ್ಲ! ಮುಂದೆ ಒಂದು ಸಾಲು ಬೆಟ್ಟ ನಿಂತು ಒಳಗಿನ ಎತ್ತರದ ಬೆಟ್ಟಗಳನ್ನು ಮರೆಮಾಡಿದೆ. ನಗತದಂಥ ಒಂದೆರಡು ಹಳ್ಳಿಗಳಿಗೆ ಮಾತ್ರ ಒಳಗಿನ ಶಿಖರ ಕಾಣುತ್ತದೆ. ಹಿಂದೆ ಪ್ರತಿ ಹಳ್ಳಿಯವರೂ ತಮ್ಮ ತಮ್ಮ ಬೆಟ್ಟಕ್ಕೆ ವರ್ಷಕ್ಕೆರಡು ಸಲ ಹರಕೆ ಹೊತ್ತು ಹತ್ತುತ್ತಿದ್ದರು. ದಿನವೂ ಕಾಣದ ದೇವರನ್ನು ಹುಡುಕಿಕೊಂಡು ಹೋಗುವ ಹಾಗೆ.

ಯಾಕುಶಿಮಾಗೆ ಜನ ಹೋಗುವುದು ಮಾತ್ರ ಶಿಖರಕ್ಕಲ್ಲ, ಕಾಡಿಗೆ. ಸಾವಿರ ವರ್ಷ ದಾಟಿದ, ಸೂಜಿಯೆಲೆಯ ಸುಗಿ ಮರಕ್ಕೆ ಮಾತ್ರ ಅಲ್ಲಿ 'ಯಾಕುಸುಗಿ' ಎಂಬ ಹೆಸರು. ಅದಕ್ಕಿಂತ ಕಿರಿಯದು 'ಕೊಸುಗಿ', ಅಂದರೆ ಚಿಕ್ಕ ಸುಗಿ. ಒಂಬೈನೂರು ವರ್ಷದ ಮರವೂ ಅಲ್ಲಿ ಚಿಕ್ಕದೇ! ಎಲ್ಲಕ್ಕಿಂತ ದೊಡ್ಡದು ಜೋಮೊನ್ ಸುಗಿ. ಕಾಂಡದ ಸುತ್ತಳತೆ 16 ಮೀಟರಿಗೂ ಹೆಚ್ಚು. ವಯಸ್ಸನ್ನು 2,000ದ ಮೇಲೆ ಎಂದು ಕೆಲವರು, 7,000 ಎಂದು ಕೆಲವರು ಲೆಕ್ಕ ಹಾಕಿದ್ದಾರೆ. ಒಳಗೆ ಟೊಳ್ಳಾಗಿರುವುದರಿಂದ ಉಂಗುರ ಎಣಿಸುವಂತಿಲ್ಲ. ಅದನ್ನು ನೋಡಲು ಹೋಗಿ ಬರಲು 22 ಕಿ.ಮೀ. ನಡೆಯಬೇಕು, ಹತ್ತು ಗಂಟೆ. ಅದರಲ್ಲಿ ಬಹುಪಾಲು ಹಿಂದೆ ಮರ ಸಾಗಿಸುತ್ತಿದ್ದ ಸಣ್ಣ ರೈಲಿನ ಹಳಿಯ ಮೇಲೆ. ಮರದ ಹತ್ತಿರ ಹೋಗಿ ಮುಟ್ಟುವಂತಿಲ್ಲ, ಅಟ್ಟಣೆಯ ಮೇಲಿಂದ ನೋಡಬೇಕು. ಬೇರಿಗೆ ಪೆಟ್ಟಾಗಬಾರದಲ್ಲ, ಅದು ಸರಿಯೇ. ಅಷ್ಟು ನಡೆಯಲು ಆಗದವರು ಬೇಸರಪಡಬೇಕಿಲ್ಲ. ಯಾಕುಸುಗಿ ಲ್ಯಾಂಡ್ ಎಂಬ ಕಾಡಿನಲ್ಲಿ ಅರ್ಧ ಗಂಟೆಯ ಹಲಗೆ ದಾರಿಯೂ ಇದೆ. ಅಲ್ಲಿಂದ ಇನ್ನೂ ಸ್ವಲ್ಪ ಮೇಲೆ, ರಸ್ತೆ ಪಕ್ಕದಲ್ಲೇ, ಮೂರು ಸಾವಿರ ವರ್ಷದ್ದೆಂದು ಹೇಳುವ ಕಿಗೆನ್ ಸುಗಿ ನಿಂತಿದೆ. ಕಾರಿಳಿದರೆ ಸಾಕು.

ಓಶಿಮಾದ ಮಿಹಾರ ಬೆಟ್ಟ ಬರೀ 758 ಮೀಟರ್. ಅಳತೆ ನೋಡಿ ತಳ್ಳಿಹಾಕಬೇಡಿ. ಅದು ಬದುಕಿರುವ ಜ್ವಾಲಾಮುಖಿ. ಅಲ್ಲಿನವರು ಅದರ ಬೆಂಕಿಯನ್ನು 'ಗೊಜಿಂಕ' ಅನ್ನುತ್ತಾರೆ, ದೇವರ ಬೆಂಕಿ. 1986ರ ನವೆಂಬರಿನಲ್ಲಿ ಬೆಟ್ಟ ಸಿಡಿದಾಗ ದ್ವೀಪದ ಹತ್ತು ಸಾವಿರ ಜನರನ್ನೂ ಹಡಗುಗಳಲ್ಲಿ ಹೊರಗೆ ಸಾಗಿಸಿದರು. ಅವರು ಮನೆಗೆ ಮರಳಿದ್ದು ಸುಮಾರು ಒಂದು ತಿಂಗಳ ಮೇಲೆ. ಲಾವಾ ಮೊತೊಮಾಚಿಯ ಕಡೆಗೇ ಹರಿದು ಬಂದು ಕೆಲವೇ ನೂರು ಮೀಟರ್ ದೂರದಲ್ಲಿ ನಿಂತಿತು. ಬೆಟ್ಟದ ಮೇಲಿನ ಮಿಹಾರ ಗುಡಿಯ ಎರಡೂ ಬದಿಗೆ ಲಾವಾ ಹರಿದು, ಗುಡಿ ಮಾತ್ರ ಹಾಗೇ ಉಳಿಯಿತು. ಇವತ್ತೂ ಕಪ್ಪು ಲಾವಾದ ಗೋಡೆಯ ನಡುವೆ ಆ ಪುಟ್ಟ ಗುಡಿ ಇದೆ. ಬಸ್ಸು ಬೆಟ್ಟದ ಮೇಲಿನವರೆಗೂ ಹೋಗುತ್ತದೆ. ಅಲ್ಲಿಂದ ಮುಕ್ಕಾಲು ಗಂಟೆ ಡಾಂಬರು ದಾರಿ, ಆಮೇಲೆ ಬಾಯಿಯ ಸುತ್ತ ಇನ್ನೊಂದು ಮುಕ್ಕಾಲು ಗಂಟೆ. ಶಾಲೆಗೆ ಹೋಗುವ ಮಕ್ಕಳೂ ನಡೆಯುತ್ತಾರೆ.

ಬೆಟ್ಟ ಕಾಣದ ದಿನ

ಈಗ ಮೊದಲು ಹೇಳಿದ ಮಾತಿಗೆ ಬರುತ್ತೇನೆ.

ರಿಶಿರಿಯಲ್ಲಿ ಎರಡು ಪುಟ್ಟ ಪಟ್ಟಣಗಳಿವೆ. ಉತ್ತರ, ಪೂರ್ವದ ಕಡೆ ರಿಶಿರಿಫುಜಿ, ಪಶ್ಚಿಮಕ್ಕೆ ರಿಶಿರಿ. ಎರಡೂ ಸೇರಿದರೆ ನಾಲ್ಕು ಸಾವಿರ ಜನರ ಆಸುಪಾಸು. ಹಡಗು ಬರುವ ಒಶಿದೊಮಾರಿಯಲ್ಲಿ ಉಳಿಯುವುದು ಅನುಕೂಲ. ಬಂದರಿನ ಪಕ್ಕದಲ್ಲೇ ಪೆಶಿ ಎಂಬ ಬಂಡೆಗುಡ್ಡವಿದೆ, ಇಪ್ಪತ್ತು ನಿಮಿಷದಲ್ಲಿ ಹತ್ತಬಹುದು. ಅಲ್ಲಿ ದೂರದ ಐಜು ಸೀಮೆಯ ಸೈನಿಕರ ಸಮಾಧಿಗಳಿವೆ. 1808ರಲ್ಲಿ ರಷ್ಯನ್ನರ ಭಯಕ್ಕೆ ಉತ್ತರದ ಗಡಿ ಕಾಯಲು ಬಂದು, ಇಲ್ಲೇ ಸತ್ತವರು. ಇನ್ನೊಬ್ಬ ಇದಕ್ಕೆ ತೀರಾ ಉಲ್ಟಾ. 1848ರಲ್ಲಿ, ಜಪಾನ್ ಹೊರಗಿನವರನ್ನು ಒಳಗೆ ಬಿಡದಿದ್ದ ಕಾಲದಲ್ಲಿ, ರಾನಾಲ್ಡ್ ಮ್ಯಾಕ್‌ಡೊನಾಲ್ಡ್ ಎಂಬ ಯುವಕ ತಿಮಿಂಗಿಲ ಬೇಟೆಯ ಹಡಗಿನಿಂದ ಇಳಿದು, ಸಣ್ಣ ದೋಣಿಯಲ್ಲಿ, ಹಡಗೊಡೆದು ಬಂದವನ ಹಾಗೆ ನಟಿಸಿ ಈ ದ್ವೀಪಕ್ಕೆ ಬಂದ. ಹಿಡಿದು ನಾಗಾಸಾಕಿಗೆ ಕಳಿಸಿದರು. ಅಲ್ಲಿ ಕಾವಲಿನಲ್ಲಿದ್ದುಕೊಂಡೇ ದುಭಾಷಿಗಳಿಗೆ ಇಂಗ್ಲಿಷ್ ಕಲಿಸಿದ.

ಇಲ್ಲಿನ ಬದುಕು ಕೊಂಬು. ಕೊಂಬು ಅಂದರೆ ಸಮುದ್ರದಲ್ಲಿ ಬೆಳೆಯುವ ಉದ್ದ ಎಲೆಯ ಪಾಚಿ, ಜಪಾನಿನ ಎಷ್ಟೋ ಸಾರಿಗೆ ಅದೇ ಬುನಾದಿ. ರಿಶಿರಿ ಕೊಂಬುವಿನ ಸಾರು ತಿಳಿಯಾಗಿ ನಿಲ್ಲುತ್ತದೆ ಅಂತ ಕ್ಯೋಟೊದ ಅಡಿಗೆಯವರು ಅದನ್ನೇ ಹುಡುಕುತ್ತಾರೆ. ಹಿಂದೆ ಇದು ಹಾಯಿಹಡಗುಗಳಲ್ಲಿ ಜಪಾನ್ ಸಮುದ್ರದುದ್ದಕ್ಕೂ ಇಳಿದು ಕ್ಯೋಟೊ, ಒಸಾಕಾ ತಲುಪುತ್ತಿತ್ತು. ಜುಲೈ, ಆಗಸ್ಟಿನಲ್ಲಿ ಕಡಲು ಶಾಂತವಾಗಿ ಬಿಸಿಲು ಬಿದ್ದ ದಿನ ಬೆಳಗ್ಗೆಯೇ ದೋಣಿಗಳು ಹೊರಡುತ್ತವೆ. ತಂದದ್ದನ್ನು ಮನೆಮಂದಿಯೆಲ್ಲ ಸೇರಿ ಕಲ್ಲು ಹಾಸಿದ ಬಯಲಲ್ಲಿ ಒಂದೊಂದೇ ಎಲೆ ನೇರ ಮಾಡಿ ಹರಡುತ್ತಾರೆ. ಅದೇ ದಿನ ಒಣಗಬೇಕು. ಮಳೆ ಹನಿ ಬಿದ್ದರೆ ಬೆಲೆ ಹೋಯ್ತು. ನನ್ನ ಜೊತೆ ಬಂದಿದ್ದ ಅಮ್ಮ ಬೇಲಿಯ ಆಚೆ ನಿಂತು ಬಹಳ ಹೊತ್ತು ನೋಡಿದರು. 'ನಮ್ಮ ಸಂಡಿಗೆ ಹಾಕಿದ ಹಾಗೇ ಅಲ್ವಾ, ಮೋಡ ನೋಡಿಕೊಂಡೇ ಕೆಲಸ' ಅಂದರು. ಭಾಷೆ ಬಾರದ ಅಜ್ಜಿಯೊಬ್ಬರು ಅಮ್ಮನ ಕೈಗೆ ಒಂದು ತುಂಡು ಕೊಂಬು ಕೊಟ್ಟು, ಬಾಯಿಗೆ ಹಾಕಿಕೊಳ್ಳಿ ಅಂತ ಸನ್ನೆ ಮಾಡಿದರು. ಆ ದಿನ ಬೆಟ್ಟ ಒಂದು ಕ್ಷಣವೂ ಕಾಣಲಿಲ್ಲ. ನಮಗೆ ಆ ದಿನವೇ ಹೆಚ್ಚು ನೆನಪಿದೆ.

ಬೆಟ್ಟದ ಮೇಲೆ ಬಿದ್ದ ಮಳೆ, ಹಿಮ ಕಲ್ಲಿನೊಳಗೆ ಇಂಗಿ ಕೆಳಗೆ ಊಟೆಯಾಗಿ ಹೊರಬರುತ್ತದೆ. ಕಾಡಿನ ದಾರಿಯಲ್ಲಿ ಸಿಗುವ ಕನ್ರೊ ಸೆನ್ಸುಯಿ ಎಂಬ ಊಟೆಯ ನೀರು ಕುಡಿದು ನೋಡಿ. ಸೈಕಲ್ಲಿಗೆಂದೇ ಮಾಡಿದ ಸುಮಾರು 25 ಕಿ.ಮೀ. ದಾರಿಯಿದೆ. ಊರಲ್ಲಿ ಬಿಸಿನೀರಿನ ಸ್ನಾನದ ಮನೆಯೂ ಇದೆ.

ಯಾಕುಶಿಮಾದಲ್ಲಿ ಮಳೆಯನ್ನು ತಪ್ಪಿಸಿಕೊಳ್ಳಲು ಆಗುವುದಿಲ್ಲ. ತಿಂಗಳಿಗೆ 35 ದಿನ ಮಳೆ ಅಂತ ಅಲ್ಲಿನ ಮಾತು. ಕರಾವಳಿಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿ.ಮೀ. ದಾಟುತ್ತದೆ, ಬೆಟ್ಟದ ಮೇಲೆ ಎಂಟರಿಂದ ಹತ್ತು ಸಾವಿರ. ಆಗುಂಬೆಯ ಮಳೆ ಕಂಡವರಿಗೆ ಇದು ಹೊಸದಲ್ಲ, ಆ ಹಸಿ ವಾಸನೆಯೂ ಹೊಸದಲ್ಲ. ಶಿರಾತನಿ ಕಣಿವೆಯ ಹಾವಸೆ ಹಿಡಿದ ಕಾಡು ಮಳೆ ಬಂದರೇನೇ ಚೆಂದ. ಹೊಳೆ ಉಕ್ಕಿದರೆ ಮಾತ್ರ ದಾರಿ ಮುಚ್ಚುತ್ತಾರೆ. ಹಿರಾಉಚಿಯಲ್ಲಿ ಸಮುದ್ರದೊಳಗೇ ಬಿಸಿನೀರಿನ ಕೊಳವಿದೆ. ಇಳಿತದ ಹೊತ್ತಿನಲ್ಲಿ ಮಾತ್ರ ಹೊರಗೆ ಕಾಣುತ್ತದೆ. ನಗತದ ಮರಳದಂಡೆಗೆ ಮೇ ತಿಂಗಳಿಂದ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಒಂದು ಕೊರತೆ ಹೇಳಲೇಬೇಕು. ದ್ವೀಪ ದೊಡ್ಡದು, ಸುತ್ತಳತೆ 130 ಕಿ.ಮೀ.ನಷ್ಟು. ಮಿಯನೌರ, ಅಂಬೊ ಎರಡೂ ರಸ್ತೆಯುದ್ದಕ್ಕೆ ಚೆಲ್ಲಿಕೊಂಡ ಊರುಗಳು. ಕಾರಿಲ್ಲದಿದ್ದರೆ ಬಸ್ಸಿಗೆ ಕಾಯುವುದರಲ್ಲೇ ಅರ್ಧ ದಿನ ಹೋಗುತ್ತದೆ. ಬೆಟ್ಟದ ಬುಡದ ಪುಟ್ಟ ಊರು ಎಂಬ ಆಸೆಯಿಂದ ಹೋಗುವವರಿಗೆ ಅದು ಅಷ್ಟಾಗಿ ಸಿಗದು.

ಓಶಿಮಾದ ಮೊತೊಮಾಚಿ ಒಂದು ಸಂಜೆಯಲ್ಲಿ ನಡೆದು ಮುಗಿಸುವಷ್ಟು ಊರು. ಈಜುಡುಗೆ ತೊಟ್ಟು ಎಲ್ಲರೂ ಕೂರುವ ಬಯಲು ಬಿಸಿನೀರಿನ ಕೊಳದಿಂದ ಸೂರ್ಯ ಮುಳುಗುವುದು ಕಾಣುತ್ತದೆ. ದಕ್ಷಿಣ ತುದಿಯ ಹಬು ಬಂದರು ನನಗೆ ಇನ್ನೂ ಇಷ್ಟ. ಅದು ಮೊದಲು ಕೆರೆಯಾಗಿತ್ತು. 1703ರ ಭೂಕಂಪದ ಸುನಾಮಿ ಒಂದು ಬದಿ ಒಡೆದು ಸಮುದ್ರ ಒಳಗೆ ಬಂತು. ಈಗ ದುಂಡಗಿನ ನೀರಿನ ಸುತ್ತ ಹಳೇ ಮರದ ಮನೆಗಳು. ದಾರಿಯಲ್ಲಿ ಬೂದಿಯ ಪದರಗಳು ಕೇಕಿನ ಹಾಗೆ ಒಂದರ ಮೇಲೊಂದು ಕಾಣುವ ಗೋಡೆಯಿದೆ. ಆ ನೆಲ ಎಷ್ಟು ಸಲ ಸಿಡಿದಿದೆ ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ. 2013ರ ಅಕ್ಟೋಬರಿನಲ್ಲಿ ಬಿರುಗಾಳಿ ಮಳೆಗೆ ಬೆಟ್ಟದ ಮಣ್ಣು ಮೊತೊಮಾಚಿಯ ಮೇಲೆ ಜಾರಿ 36 ಜನ ಸತ್ತರು, ಮೂವರು ಸಿಗಲೇ ಇಲ್ಲ. ಊರಲ್ಲಿ ಓಡಾಡುವಾಗ ಇದು ಗೊತ್ತಿರಲಿ. ಅಲ್ಲಿನವರು ಇಂದಿಗೂ ಆ ಬೆಟ್ಟದ ಕೆಳಗೇ ಇದ್ದಾರೆ.

ಊಟ

ಮೀನು ತಿನ್ನುವವರಿಗೆ ಮೂರೂ ಕಡೆ ಹಬ್ಬ. ರಿಶಿರಿಯ ಉನಿ, ಅಂದರೆ ಕಡಲ ಮುಳ್ಳುಕಾಯಿಯಂಥ ಜೀವಿಯ ಒಳತಿರುಳು, ಬೇಸಿಗೆಯಲ್ಲಿ ಸಿಗುತ್ತದೆ. ಅದೂ ಕೊಂಬು ತಿಂದು ಬೆಳೆದದ್ದೇ. ಯಾಕುಶಿಮಾದಲ್ಲಿ ಹಾರುಮೀನನ್ನು ರೆಕ್ಕೆ ಸಮೇತ ಕರಿದು ಕೊಡುತ್ತಾರೆ. ಓಶಿಮಾದಲ್ಲಿ ಮೀನನ್ನು ಹಸಿಮೆಣಸಿನ ಸೋಯಾ ರಸದಲ್ಲಿ ನೆನೆಸಿ ಮಾಡಿದ ಸುಶಿ ಇದೆ. ನಮ್ಮ ನಾಲಿಗೆಗೆ ಬೇಗ ಹಿಡಿಸುತ್ತದೆ.

ಸಸ್ಯಾಹಾರಿಗಳಿಗೆ ಮೂರರಲ್ಲಿ ಓಶಿಮಾ ಮೇಲು. ಅಲ್ಲಿ ಅಶಿತಬ ಎಂಬ ಸೊಪ್ಪಿದೆ. ಇವತ್ತು ಕಿತ್ತರೆ ನಾಳೆಯೇ ಚಿಗುರುತ್ತದೆ ಅಂತ ಆ ಹೆಸರು. ಅದರ ತೆಂಪುರ ತಿಂದರೆ ದೊಡ್ಡಪತ್ರೆ ಬಜ್ಜಿ ನೆನಪಾಗುತ್ತದೆ. ಜೊತೆಗೆ ಕೊಡುವ ರಸದಲ್ಲಿ ಮೀನಿರುತ್ತದೆ, ಅದರ ಬದಲು 'ಶಿಯೊ' ಅಂತ ಕೇಳಿ ಉಪ್ಪು ಹಾಕಿಕೊಳ್ಳಿ. ರಿಶಿರಿಯಲ್ಲಿ ಕೊಂಬು ಸಸ್ಯಾಹಾರವಾದರೂ ಸಾರಿಗೆ ಒಣಮೀನಿನ ಚೂರು ಬೆರೆಸುವುದೇ ರೂಢಿ. ಹಾಗಾಗಿ ವಸತಿಮನೆ ಗೊತ್ತು ಮಾಡುವಾಗಲೇ, ಮಾಂಸ, ಮೀನು, ಮೀನಿನ ಸಾರು ಮೂರೂ ಬೇಡ ಅಂತ ಜಪಾನಿಯಲ್ಲಿ ಬರೆದು ತಿಳಿಸಿ. ಹೋದ ಮೇಲೆ ಹೇಳಿದರೆ ಪಾಪ, ಅವರು ಪರದಾಡುತ್ತಾರೆ. ಸಂಜೆ ಆರೇಳಕ್ಕೆಲ್ಲ ಅಂಗಡಿ ಮುಚ್ಚುವ ಊರುಗಳಿವು. ಚಟ್ನಿಪುಡಿ, ಅವಲಕ್ಕಿ ಚೀಲದಲ್ಲಿರಲಿ.

ಯಾರಿಗೆ ಯಾವುದು

ಅಪ್ಪ ಅಮ್ಮನನ್ನು ಕರೆದುಕೊಂಡು, ಬೆಟ್ಟ ಹತ್ತುವ ಹಟವಿಲ್ಲದೆ ಹೋಗುವುದಾದರೆ ರಿಶಿರಿಗೆ ಹೋಗಿ. ದ್ವೀಪ ಸುತ್ತುವ ಬಸ್ಸು ಎರಡು ಗಂಟೆಯಲ್ಲಿ ಎಲ್ಲ ಬದಿಯಿಂದಲೂ ಬೆಟ್ಟ ತೋರಿಸುತ್ತದೆ. ಕೂತಲ್ಲಿಂದಲೇ ಕಾಣುವ ಬೆಟ್ಟ ಅದು. ಜೂನ್ ಕೊನೆಯಿಂದ ಆಗಸ್ಟ್ ಸರಿಯಾದ ಕಾಲ. ಚಳಿಗಾಲದಲ್ಲಿ ಹಡಗು ಕಡಿಮೆ, ಎಷ್ಟೋ ವಸತಿಮನೆ ಮುಚ್ಚಿರುತ್ತವೆ. ಕಾಡು, ಮಳೆ, ದಿನವಿಡೀ ನಡಿಗೆ ಇಷ್ಟಪಡುವವರಿಗೆ ಯಾಕುಶಿಮಾ. ಏಪ್ರಿಲ್, ಮೇ ಇಲ್ಲವೇ ಅಕ್ಟೋಬರ್, ನವೆಂಬರ್ ಆರಿಸಿಕೊಳ್ಳಿ. ಬೇಸಿಗೆ ಕೊನೆಯ ಬಿರುಗಾಳಿಗೆ ದಾರಿ ಕಟ್ಟಿಹೋಗುತ್ತದೆ. ಕೆಲಸದ ಮೇಲೆ ಟೋಕಿಯೊಗೆ ಹೋಗಿ ಒಂದು ಶನಿವಾರ, ಭಾನುವಾರ ಸಿಕ್ಕವರಿಗೆ, ಚಿಕ್ಕ ಮಕ್ಕಳಿರುವವರಿಗೆ ಓಶಿಮಾ. ಅದಕ್ಕೆ ಚಳಿಗಾಲವೂ ಆಗುತ್ತದೆ. ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಇಡೀ ದ್ವೀಪ ಕೆಂಪು ಕಮೆಲಿಯ ಹೂವು.

ಬೆಟ್ಟವಿರುವ ಇನ್ನೆರಡು ಹೆಸರಾಂತ ಜಾಗಗಳಾದ ಮಿಯಾಜಿಮಾ, ಸಕುರಜಿಮಾ ಯಾಕಿಲ್ಲ ಅಂತ ಕೇಳಬಹುದು. ಮಿಯಾಜಿಮಾ ಚೆಂದವೇ, ಆದರೆ ಹಗಲು ಜನಜಂಗುಳಿ. ಸಕುರಜಿಮಾ 1914ರ ಲಾವಾ ಹರಿದು ನೆಲಕ್ಕೆ ಅಂಟಿಕೊಂಡಾಗಿನಿಂದ ದ್ವೀಪವೇ ಅಲ್ಲ. ಯಾಕುಶಿಮಾಗೆ ಹೋಗುವಾಗ ಕಗೋಶಿಮಾದಿಂದ ಹದಿನೈದು ನಿಮಿಷದ ಹಡಗಿನಲ್ಲಿ ನೋಡಿ ಬನ್ನಿ.

ಕೊನೆಗೆ ಎರಡು ಕೆಲಸ. ಮೂರೂ ಕಡೆ ಬಾಡಿಗೆ ಕಾರು ಸಿಗುತ್ತದೆ, ನಮ್ಮ ಹಾಗೇ ಎಡಬದಿಯ ಓಡಾಟ. ಹೊರಡುವ ಮೊದಲೇ ಆರ್‌ಟಿಓದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ಇನ್ನು, ದ್ವೀಪದಿಂದ ಮರಳಿದ ದಿನವೇ ಭಾರತದ ವಿಮಾನ ಇಟ್ಟುಕೊಳ್ಳಬೇಡಿ. ಒಮ್ಮೆ ಗಾಳಿಗೆ ಹಡಗು ನಿಂತು ನಾನು ಮುಂದಿನ ವಿಮಾನ ತಪ್ಪಿಸಿಕೊಂಡೆ, ದುಡ್ಡೂ ಹೋಯ್ತು. ವಸತಿಮನೆಯಾಕೆ ಬೆಳಗ್ಗೆ ಕಿಟಕಿ ತೆರೆದು ಸಮುದ್ರ ನೋಡಿ 'ಇವತ್ತು ಹೊರಡುವುದಿಲ್ಲ' ಅಂದಿದ್ದರು. ಹಡಗಿನವರು ಅದನ್ನೇ ಹೇಳಿದ್ದು ಒಂದು ಗಂಟೆ ಕಳೆದ ಮೇಲೆ. ಒಂದು ದಿನ ಕೈಯಲ್ಲಿಟ್ಟುಕೊಂಡು ಟಿಕೆಟ್ ಮಾಡಿಸಿ.